ಅಳವಿ ಸೊಪ್ಪಿಗೆ ಮೊಳಕೆ ಟ್ರೇ: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳದಲ್ಲಿ ಎಳೆ ಸೊಪ್ಪು ಉಳಿಸಿಕೊಳ್ಳೋದು ಬಹಳ ಕಷ್ಟ. ಬೀಜ ಮಳೆಗೆ ಕೊಚ್ಚಿ ಹೋಗುತ್ತದೆ, ಹುಟ್ಟಿದ್ದನ್ನು ಬಸವನಹುಳು ತಿನ್ನುತ್ತದೆ. ಅದಕ್ಕೇ ಅಡುಗೆಮನೆ ಕಿಟಕಿಯಲ್ಲಿ ಅಳವಿ ಬೆಳೆಯೋಣ ಅಂತ ಆನ್‌ಲೈನ್‌ನಲ್ಲಿ ಈ ಪ್ಲಾಸ್ಟಿಕ್ ಟ್ರೇ ತರಿಸಿದೆ. ಮೇಲೆ ಜಾಲರಿ ತಟ್ಟೆ, ಕೆಳಗೆ ನೀರಿನ ತಟ್ಟೆ, ಒಂದು ಮುಚ್ಚಳ. ಅಷ್ಟೇ.

ಅಳವಿ ಅಂದರೆ ಬಾಣಂತಿಯರಿಗೆ ಪಾಯಸ ಮಾಡಿ ಕೊಡುತ್ತಾರಲ್ಲ, ಅದೇ ಕೆಂಪು ಬೀಜ. ಸಾಸಿವೆ ಕುಟುಂಬದ್ದು, ಹಾಗಾಗಿ ಸೊಪ್ಪಿಗೂ ಆ ಖಾರ ಇದೆ. ನಾನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಗ್ರಂದಿಗೆ ಅಂಗಡಿಯಿಂದ ತರುತ್ತೇನೆ. ತಿನ್ನೋಕೆ ಮಾರುವ ಬೀಜವನ್ನೇ ತಗೊಳ್ಳಿ. ಬಿತ್ತನೆ ಬೀಜಕ್ಕೆ ಕೆಲವೊಮ್ಮೆ ಔಷಧಿ ಸವರಿರುತ್ತಾರೆ.

ಟ್ರೇಯ ಮೊದಲ ತೊಂದರೆ ಜಾಲರಿಯದ್ದು. ಅದರ ಕಣ್ಣು ಹೆಸರುಕಾಳಿಗೆ ಸರಿ. ಅಳವಿ ಬೀಜ ಎಳ್ಳಿಗಿಂತ ಸಪೂರ, ಸೀದಾ ಕೆಳಗೆ ಉದುರುತ್ತದೆ. ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ ಜಾಲರಿ ಮೇಲೆ ಹಾಸಿ, ಅದರ ಅಂಚು ಕೆಳಗಿನ ನೀರಿಗೆ ತಾಗುವಂತೆ ಇಳಿಬಿಟ್ಟೆ. ನೀರನ್ನು ಬಟ್ಟೆಯೇ ಎಳೆದುಕೊಳ್ಳುತ್ತದೆ. ಬೀಜವನ್ನು ಹೆಸರುಕಾಳಿನ ಹಾಗೆ ನೆನೆಸಬೇಡಿ. ನೀರು ತಾಗಿದ ಕೂಡಲೇ ಸುತ್ತ ಲೋಳೆ ಕಟ್ಟಿ ಎಲ್ಲ ಒಂದೇ ಮುದ್ದೆಯಾಗುತ್ತದೆ. ಒಣ ಬೀಜವನ್ನೇ ತೆಳ್ಳಗೆ ಉದುರಿಸಿದರೆ ಆ ಲೋಳೆಯೇ ಅದನ್ನು ಬಟ್ಟೆಗೆ ಹಿಡಿದುಕೊಳ್ಳುತ್ತದೆ. ಮಣ್ಣು ಬೇಡ, ಗೊಬ್ಬರ ಬೇಡ.

ಮೊದಲ ಮಳೆಗಾಲದಲ್ಲಿ ಎರಡು ಟ್ರೇ ಸೊಪ್ಪು ಸುಮ್ನೆ ಎಸೆದೆ. ಮೂರನೇ ದಿನ ಬೇರಿನ ಸುತ್ತ ಬಿಳಿ ನವಿರು ಕಂಡಿತ್ತು, ಬೂಸು ಅಂದುಕೊಂಡೆ. ಮೂರನೇ ಸಲ ಅತ್ತಿಗೆ ನೋಡಿ, "ತಡಿ, ನೀರು ಚಿಮುಕಿಸಿ ನೋಡು" ಅಂದರು. ಚಿಮುಕಿಸಿದ ಕೂಡಲೇ ನವಿರು ಬೇರಿಗೆ ಅಂಟಿ ಮಾಯವಾಯಿತು. ಬೇರು ಅರ್ಧ ಒಣಗಿದಾಗ ಮತ್ತೆ ಎದ್ದು ನಿಂತಿತು. ಅವು ಬೇರಿನದೇ ಕೂದಲು. ನಿಜವಾದ ಬೂಸು ಜೇಡರ ಬಲೆಯ ಹಾಗೆ ಒಂದು ಬೀಜದಿಂದ ಇನ್ನೊಂದಕ್ಕೆ ಹಬ್ಬುತ್ತದೆ, ನೀರು ಹಾಕಿದರೂ ಹೋಗಲ್ಲ, ಮುಗ್ಗಲು ವಾಸನೆ ಬರುತ್ತದೆ. ಅಂಥದ್ದನ್ನು ಮಾತ್ರ ಎಸೆಯಿರಿ.

ಆ ಬೂಸು ಬರಲು ನಮ್ಮಲ್ಲಿ ಮುಖ್ಯ ಕಾರಣ ಟ್ರೇಯ ಮುಚ್ಚಳ. ಜೊತೆಗೆ ಬಂದ ಚೀಟಿಯಲ್ಲಿ ಮುಚ್ಚಿಯೇ ಇಡಿ ಅಂತ ಇದೆ. ಮಲೆನಾಡಿನ ಆಷಾಢದಲ್ಲಿ ಗಾಳಿಯೇ ಒದ್ದೆ ಇರುತ್ತದೆ, ಅಲ್ವಾ? ಮೊಳಕೆ ಒಡೆಯುವ ಒಂದೆರಡು ದಿನ ಮುಚ್ಚಿ, ಆಮೇಲೆ ಪೂರ್ತಿ ತೆಗೆದುಬಿಡಿ. ಬೀಜ ಒತ್ತೊತ್ತಾಗಿ ಹಾಕಲೂಬೇಡಿ. ಇವೆರಡನ್ನು ಪಾಲಿಸಿದ ಮೇಲೆ ಎರಡನೇ ಮಳೆಗಾಲದಲ್ಲಿ ಒಂದೇ ಸಲ ಬೆಳೆ ಹಾಳಾಯಿತು. ನಡುವೆ ಅಡಿಕೆ ಹಾಳೆ ತಟ್ಟೆಯಲ್ಲೂ ಬೆಳೆದು ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಯಲ್ಲಿ ತಟ್ಟೆಗೇ ಬೂಸು ಬಂತು. ಹಾಗಾಗಿ ಮಳೆಗಾಲಕ್ಕೆ ಪ್ಲಾಸ್ಟಿಕ್ಕೇ ವಾಸಿ.

ಬೇಸಿಗೆಯಲ್ಲಿ ಏಳನೇ ದಿನಕ್ಕೆ, ಮಳೆಯಲ್ಲಿ ಹತ್ತು ದಿನಕ್ಕೆ ಎರಡು ಇಂಚು ಬರುತ್ತದೆ. ಗಿಡ ಬೆಳಕಿನ ಕಡೆಗೆ ವಾಲುತ್ತದೆ, ದಿನಾ ಟ್ರೇ ತಿರುಗಿಸಬೇಕು. ಕೊಯ್ಯುವ ಮೊದಲು ನೀರು ಚಿಮುಕಿಸಿ ಅಂಗೈಯಿಂದ ಮೆಲ್ಲಗೆ ಸವರಿದರೆ ಎಲೆ ತುದಿಗೆ ಅಂಟಿದ ಸಿಪ್ಪೆ ಬಿಡುತ್ತದೆ. ಆಮೇಲೆ ಒಂದು ಹಿಡಿ ಹಿಡಿದು ಬುಡದಲ್ಲಿ ಕತ್ತರಿಯಿಂದ ಕತ್ತರಿಸಿ. ಬಟ್ಟೆ ಮೇಲೆ ಬೆಳೆದದ್ದು ಮತ್ತೆ ಚಿಗುರುತ್ತದೆ ಅಂತ ಕಾಯಬೇಡಿ. ಕೊಯ್ದ ಸೊಪ್ಪು ಬೇಗ ಬಾಡುತ್ತದೆ, ತೆಂಗಿನಕಾಯಿ ತುರಿದು ಇಟ್ಟುಕೊಂಡ ಮೇಲೇ ಕೊಯ್ಯಿರಿ.

ನಾನು ತಂಬುಳಿಯನ್ನೇ ಜಾಸ್ತಿ ಮಾಡೋದು. ಹಸಿ ಸೊಪ್ಪು, ಕಾಯಿತುರಿ, ಜೀರಿಗೆ ನುಣ್ಣಗೆ ಬೀಸಿ ಮಜ್ಜಿಗೆಗೆ ಕಲಸಿದರೆ ಆಯಿತು. ಹಸಿಮೆಣಸು ಬೇಡ, ಸೊಪ್ಪಿನ ಖಾರವೇ ಮೂಗಿಗೆ ಏರುತ್ತದೆ. ಬಾಡಿಸಿದರೆ ಆ ಘಾಟು ಹೋಗಿಬಿಡುತ್ತದೆ.

ಪ್ಲಾಸ್ಟಿಕ್ ಇನ್ನೂ ಗಟ್ಟಿ ಇದೆ, ಎಲ್ಲೂ ಬಿರುಕಿಲ್ಲ. ಬಟ್ಟೆಗೆ ಹೊಕ್ಕ ಬೇರು ಕೀಳೋದೇ ಪ್ರತಿ ಸಲದ ದೊಡ್ಡ ಕೆಲಸ. ಕುದಿಯುವ ನೀರಲ್ಲಿ ಹಾಕಿ ತಿಕ್ಕುತ್ತೇನೆ, ನಾಲ್ಕೈದು ಸಲಕ್ಕೊಮ್ಮೆ ಹೊಸ ತುಂಡು. ಸಣ್ಣ ಕಣ್ಣಿನ ಜಾಲರಿ ಕೊಟ್ಟಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು.