ಕಯೋಟಿಗೆ ಕೋವಿ ಕೊಳ್ಳುವವರೇ, ಮೊದಲು ಕಾಗದಕ್ಕೆ ಹೊಡೆದು ನೋಡಿ

ಹೋದ ಜನವರಿಯಲ್ಲಿ ನನ್ನ ಈಡು ತಿಂದ ಕಯೋಟಿ (ನರಿಯಂಥ ಕಾಡುಪ್ರಾಣಿ) ಒಂದು ಮೂರು ಕಾಲಿನಲ್ಲಿ ಓಡಿಹೋಯಿತು. ಮೆಸ್ಕೀಟ್ ಮುಳ್ಳುಪೊದೆಗಳ ನಡುವೆ ಎರಡು ಗಂಟೆ ರಕ್ತದ ಹನಿ ಹುಡುಕುತ್ತಾ ಅಲೆದೆವು. ಸಿಗಲಿಲ್ಲ. ಟೆಕ್ಸಾಸ್‌ನಲ್ಲಿ ಹೀಗೆ ಬೇಟೆಯ ಹುಚ್ಚು ಹಿಡಿಸಿಕೊಂಡ ಕನ್ನಡದವರು ನನ್ನ ಪರಿಚಯದಲ್ಲೇ ಒಬ್ಬಿಬ್ಬರಿದ್ದಾರೆ. ಅವರಾದರೂ ನಾನು ಮಾಡಿದ್ದನ್ನು ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಕೊಡಗು. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹೊಡೆಯುವ ಊರು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು ನಾನು. ಹಾಗಾಗಿ ಕೋವಿ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಜಂಭ ಇತ್ತು. ಆದರೆ ತೆಂಗಿನಕಾಯಿ ಎಲ್ಲಿಗೂ ಓಡಲ್ಲ, ಅಲ್ವಾ?

ಸಹೋದ್ಯೋಗಿಯೊಬ್ಬರ ಮಾವನಿಗೆ ಸ್ಯಾನ್ ಆಂಜೆಲೊ ಕಡೆ ಆಡು, ಕುರಿಯ ರ‍್ಯಾಂಚ್ ಇದೆ. ಮರಿ ಹಾಕುವ ಕಾಲ ಹತ್ತಿರ ಬಂದಾಗ ಅವರಿಗೆ ಕಯೋಟಿ ಕಾಟ ಜಾಸ್ತಿ. ಕಯೋಟಿ ಅಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಟೆಕ್ಸಾಸ್‌ನಲ್ಲಿ ವರ್ಷವಿಡೀ ಬೇಟೆಗೆ ಅವಕಾಶವಿದೆ. ಅವರು ಕರೆದ ತಕ್ಷಣ ನಾನು ಕೋವಿ ಅಂಗಡಿಗೆ ಓಡಿದೆ.

ಅಂಗಡಿಯವನಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಮೂರೂವರೆ ಇಂಚಿನ ತೋಟಾ ನುಂಗುವ 12 ಗೇಜ್ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ಕೊಟ್ಟ. (ಊರಲ್ಲಿ 12 ಬೋರ್ ಅಂತೀವಲ್ಲ, ಅದೇ ಇದು.) ನಳಿಗೆಯ ತುದಿಗೆ ತಿರುಗಿಸಿ ಹಾಕಿ, ಚರೆ (ತೋಟಾದೊಳಗಿನ ಗುಂಡುಗಳು) ಚೆದುರದಂತೆ ಬಾಯಿ ಕಿರಿದು ಮಾಡುವ ಟರ್ಕಿ ಚೋಕ್ ಕೊಟ್ಟ. ಮೇಲೊಂದು ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕಿ ತೋರಿಸುವ ಸಾಧನ) ಕೂರಿಸಿ, "ಲೇಸರ್ ಇಟ್ಟು ಸೆಟ್ ಮಾಡಿದ್ದೇವೆ, ನೇರ ಹೋಗಿ ಹೊಡೆಯಿರಿ" ಅಂದ. ತೋಟಾ ಯಾವುದು ಅಂದರೆ ದಪ್ಪ ಚರೆಯ ಡಬಲ್ ಆಟ್ ಬಕ್, ಅದೂ ಮೂರೂವರೆ ಇಂಚಿನದು. ದೊಡ್ಡ ತೋಟಾ, ದೊಡ್ಡ ಚರೆ, ಬಿಗಿ ಚೋಕ್. ಎಲ್ಲವೂ ದೊಡ್ಡದಾದರೆ ಕೆಲಸವೂ ದೊಡ್ಡದಾಗುತ್ತದೆ ಅಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಒಂದು ಖಾಲಿ ಡಬ್ಬಕ್ಕೆ ಹೊಡೆದೆ. ಡಬ್ಬ ಹಾರಿತು. ಪರೀಕ್ಷೆ ಮುಗಿಯಿತು.

ಬೇಟೆ ದಿನ ರ‍್ಯಾಂಚಿನ ಯಜಮಾನರು ರೈಫಲ್ ಹಿಡಿದು ದಿಬ್ಬದ ಮೇಲೆ ಕೂತರು. ನನ್ನನ್ನು ಗಾಳಿ ಹೋಗುವ ದಿಕ್ಕಿಗೆ, ಪೊದೆಯ ಬುಡದಲ್ಲಿ ಕೂರಿಸಿದರು. ಗಾಯಗೊಂಡ ಮೊಲ ಕಿರುಚುವ ಸದ್ದನ್ನು ಯಂತ್ರದಲ್ಲಿ ಹಾಕಿದರೆ ಕಯೋಟಿ ನೇರವಾಗಿ ಬರೋದು ಕಡಿಮೆ. ಸುತ್ತು ಹಾಕಿ, ಗಾಳಿಯಲ್ಲಿ ವಾಸನೆ ಹಿಡಿದು ಬರುತ್ತದೆ. ಆ ಸುತ್ತಿನ ದಾರಿಯಲ್ಲಿ ಪೊದೆಗಳ ನಡುವೆ ಗಕ್ಕನೆ ಎದುರಾಗುವ ಪ್ರಾಣಿಗೆ ಶಾಟ್‌ಗನ್ನೇ ಸರಿ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಹತ್ತು ನಿಮಿಷಕ್ಕೆ ಅದು ಬಂತು. ನನ್ನ ಕಣ್ಣಿಗೆ 40 ಗಜ ಅನ್ನಿಸಿತು. ಕೆಂಪು ಚುಕ್ಕಿ ಭುಜದ ಮೇಲೆ ಕೂತಿತ್ತು. ಹೊಡೆದೆ. ಅದು ಮಗುಚಿ ಬಿದ್ದು, ಎದ್ದು, ಹಿಂಗಾಲು ಎಳೆಯುತ್ತಾ ಪೊದೆಯೊಳಗೆ ಹೋಯಿತು. ಇನ್ನೊಂದು ಈಡು ಹೊಡೆಯೋಣ ಅಂದರೆ ಮೂರೂವರೆ ಇಂಚಿನ ಒದೆತಕ್ಕೆ ನನ್ನ ಮುಖ ಆಕಾಶ ನೋಡುತ್ತಿತ್ತು.

ಯಜಮಾನರು ಬೈಯಲಿಲ್ಲ. ಅಳೆದು ನೋಡಿದರು. 57 ಗಜ. ಆಮೇಲೆ ಗಾಡಿಯಿಂದ ದೊಡ್ಡ ಕಾಗದದ ಸುರುಳಿ ತಂದು, ಒಂದು ಹಲಗೆಗೆ ಮೊಳೆ ಹೊಡೆದು ಕೂರಿಸಿ, ನಡುವೆ ಹತ್ತು ಇಂಚಿನ ವೃತ್ತ ಬರೆದು 40 ಗಜಕ್ಕೆ ನಿಲ್ಲಿಸಿದರು. ಕಯೋಟಿಯ ಎದೆಗೂಡು ಹೆಚ್ಚುಕಡಿಮೆ ಅಷ್ಟೇ ಇರೋದು. ಹಿಂದೆ ಮಣ್ಣಿನ ದಿಬ್ಬ. "ಈಗ ಹೊಡಿ" ಅಂದರು.

ಆ ತೋಟಾದಲ್ಲಿ 18 ಚರೆ. ವೃತ್ತದೊಳಗೆ ಎರಡು. ಉಳಿದವು ಅಲ್ಲೊಂದು ಇಲ್ಲೊಂದು. ನಾಲ್ಕೈದು ಕಾಗದದಲ್ಲೇ ಇಲ್ಲ! ಜೊತೆಗೆ ಇಡೀ ಗುಂಪು ಎಡಕ್ಕೂ ಮೇಲಕ್ಕೂ ಸರಿದು ಕೂತಿತ್ತು. ಅಂದರೆ ನಾನು ಭುಜಕ್ಕೆ ಗುರಿ ಇಟ್ಟರೆ ಕೋವಿ ಬೇರೆಲ್ಲೋ ಹೊಡೆಯುತ್ತಿತ್ತು. ರೆಡ್ ಡಾಟ್ ಮುಟ್ಟಿ ನೋಡಿದರೆ ಕೆಳಗಿನ ಸ್ಕ್ರೂ ಕೂಡ ಸಡಿಲ.

ಚರೆ ಯಾಕೆ ಹಾಗೆ ಚೆದುರಿತು ಅನ್ನೋದು ಆಮೇಲೆ ಅರ್ಥವಾಯಿತು. ಟರ್ಕಿ ಚೋಕ್ ಇರೋದು ಸಣ್ಣ ಚರೆಗೆ. ಟರ್ಕಿ ಕೋಳಿಯ ತಲೆ, ಕುತ್ತಿಗೆಗೆ ನೂರಾರು ಸಣ್ಣ ಚರೆಗಳನ್ನು ಒಟ್ಟಾಗಿ ಕಳಿಸೋಕೆ. ಡಬಲ್ ಆಟ್ ಬಕ್‌ನ ಒಂದೊಂದು ಚರೆಯೂ ಸುಮಾರು 8.4 ಮಿಲಿಮೀಟರ್ ದಪ್ಪ. ಅಂಥವನ್ನು ಅಷ್ಟು ಬಿಗಿ ಬಾಯಿಯಲ್ಲಿ ತಳ್ಳಿದರೆ ಒಂದಕ್ಕೊಂದು ಒತ್ತಿ, ಸೊಟ್ಟಗಾಗಿ, ಹೊರಗೆ ಬಂದ ಮೇಲೆ ದಿಕ್ಕಾಪಾಲು. ಸಂತೆ ಗೇಟಿನಲ್ಲಿ ಎಮ್ಮೆಗಳನ್ನು ಒಟ್ಟಿಗೆ ನುಗ್ಗಿಸಿದ ಹಾಗೆ. ಚೋಕ್ ಬಿಗಿಯಾದಷ್ಟೂ ಒಳ್ಳೆಯದು ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ. ಇನ್ನೊಂದು ವಿಷಯ. ಟಂಗ್‌ಸ್ಟನ್, ಸ್ಟೀಲ್ ಚರೆ ಹೊಡೆಯುವ ಯೋಚನೆ ಇದ್ದರೆ ಚೋಕ್ ಮೇಲೆ ಬರೆದಿರೋದನ್ನು ಓದಿ. ಸೀಸಕ್ಕೆ ಮಾತ್ರ ಅಂತ ಇದ್ದರೆ ಸೀಸಕ್ಕೆ ಮಾತ್ರ. ಗಟ್ಟಿ ಚರೆ ಹಾಕಿದರೆ ಚೋಕ್ ಹಾಳಾಗಬಹುದು, ನಳಿಗೆಯೂ ಉಬ್ಬಬಹುದು.

ಅವತ್ತು ಮಧ್ಯಾಹ್ನ ಯಜಮಾನರ ಡಬ್ಬಿಯಿಂದ ಬೇರೆ ಬೇರೆ ಚೋಕ್, ಬೇರೆ ಬೇರೆ ತೋಟಾ ಹಾಕಿ ಹೊಡೆದೆವು. ಭುಜ ಹಣ್ಣಾಯಿತು. ಕೊನೆಗೆ ನನ್ನ ಕೋವಿಗೆ ಒಪ್ಪಿದ್ದು ಮೂರು ಇಂಚಿನ 4ನೇ ನಂಬರ್ ಬಕ್, ಜೊತೆಗೆ ಅಷ್ಟು ಬಿಗಿಯಲ್ಲದ ಇಂಪ್ರೂವ್ಡ್ ಮಾಡಿಫೈಡ್ ಚೋಕ್. ಅದರಲ್ಲಿ 41 ಚರೆ, ಒಂದೊಂದೂ ಆರು ಮಿಲಿಮೀಟರ್ ಚಿಲ್ಲರೆ. 40 ಗಜದಲ್ಲಿ ವೃತ್ತದೊಳಗೆ 11 ಕೂತವು, ಮೂರು ಸಲ ಹೊಡೆದರೂ ಹೆಚ್ಚುಕಡಿಮೆ ಅಷ್ಟೇ. ಇದು ನನ್ನ ಕೋವಿಯ ಲೆಕ್ಕ, ನಿಮ್ಮದಕ್ಕೆ ಬೇರೆ ಇರುತ್ತದೆ. ಒಂದೇ ಕಂಪನಿಯ ಎರಡು ಕೋವಿಗಳು ಕೂಡ ಒಂದೇ ಥರ ಹೊಡೆಯಲ್ಲ. ತೋಟಾ ಬದಲಾದರೆ ಮತ್ತೆ ಕಾಗದ. ಈಗ ನಾನು ಕೂರುವ ಜಾಗದಲ್ಲಿ ಮೊದಲು ದೂರ ಅಳೆದು, 40 ಗಜದಲ್ಲಿರುವ ಒಂದು ಕಲ್ಲನ್ನೋ ಪೊದೆಯನ್ನೋ ಗುರುತು ಇಟ್ಟುಕೊಳ್ಳುತ್ತೇನೆ. ಅದರ ಆಚೆ ಬಂದಿದ್ದಕ್ಕೆ ನಮಸ್ಕಾರ.

ಊರಿನಿಂದ ಯಾರಾದರೂ ಹಳೇ ಜೋಡಿ ನಳಿಗೆ ಕೋವಿಯ ಅಭ್ಯಾಸ ಇಟ್ಟುಕೊಂಡು ಬಂದಿದ್ದರೆ ಒಂದು ಮಾತು. ತೋಟಾದ ಉದ್ದ ಅಂತ ಬರೆದಿರೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾಗಾಗಿ ಮೂರು ಇಂಚಿನ ತೋಟಾ ಎರಡೂಮುಕ್ಕಾಲು ಇಂಚಿನ ಕೋವಿಯೊಳಗೆ ಆರಾಮಾಗಿ ಕೂತುಬಿಡಬಹುದು. ಕೂತಿತು ಅಂತ ಹೊಡೆಯಬೇಡಿ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಾಗೇ 20 ಗೇಜ್ ತೋಟಾ (ನಂಬರ್ ದೊಡ್ಡದಾದರೂ ತೋಟಾ ಸಣ್ಣದು) 12 ಗೇಜ್ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾ ಹಳದಿ ಬಣ್ಣದಲ್ಲಿ ಬರೋದು ಅದಕ್ಕೇ.

ಇನ್ನು ಕಾನೂನು. ಅವತ್ತು ನಮ್ಮ ಜೊತೆ ಎಚ್1ಬಿ ವೀಸಾದಲ್ಲಿರುವ ಗೆಳೆಯನೂ ಇದ್ದ. ಕಾಗದಕ್ಕೆ ಹೊಡೆಯುವಾಗ "ಕೊಡೋ, ಸುಮ್ನೆ ಒಂದು ಫೋಟೋಗೆ ಹಿಡ್ಕೊಳ್ತೀನಿ" ಅಂದ. ನಾನು ಕೊಡೋಕೆ ಹೊರಟಿದ್ದೆ. ಯಜಮಾನರು ಕೈ ಅಡ್ಡ ಇಟ್ಟರು. ನಾನ್ ಇಮಿಗ್ರೆಂಟ್ (ಎಚ್1ಬಿ ಥರದ ತಾತ್ಕಾಲಿಕ) ವೀಸಾದಲ್ಲಿ ಬಂದವರು ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ ಅನ್ನೋದು ಫೆಡರಲ್ ಕಾನೂನು. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಅನ್ವಯಿಸೋದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅವನ ಹತ್ತಿರ ಲೈಸೆನ್ಸ್ ಇತ್ತು, ಆದರೆ ಹಿಂದಿನ ವರ್ಷದ್ದು. ಟೆಕ್ಸಾಸ್ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ನೀವು ಜುಲೈಯಲ್ಲಿ ತಗೊಂಡಿದ್ದರೂ ಅಷ್ಟೇ. ಒಂದು ಫೋಟೋ ಆಸೆಗೆ ವೀಸಾ, ಗ್ರೀನ್ ಕಾರ್ಡ್ ಎರಡಕ್ಕೂ ಕಲ್ಲು ಹಾಕಿಕೊಳ್ಳುತ್ತಿದ್ದ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಇಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಕೂಡ ಬೇಕು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಹೊಸ ಕೋವಿ ತಂದವನು ಮೊದಲು ಗೋಣಿಚೀಲಕ್ಕೆ ಒಂದು ಈಡು ಹೊಡೆದು ನೋಡಲ್ವೇನೋ?"

ಒಂಬತ್ತು ದಿನ ಬಿಟ್ಟು ಯಜಮಾನರು ಮೆಸೇಜ್ ಕಳಿಸಿದರು. ದನಗಳ ನೀರಿನ ತೊಟ್ಟಿ ಹತ್ತಿರ ಹದ್ದುಗಳು ಇಳಿದಿದ್ದವಂತೆ. ಅಲ್ಲಿ ಅದೇ ಕಯೋಟಿ ಸತ್ತು ಬಿದ್ದಿತ್ತಂತೆ. ಹಿಂಗಾಲಿನಲ್ಲಿ ಒಂದು ಚರೆ, ಹೊಟ್ಟೆಯಲ್ಲಿ ಒಂದು. ಎಷ್ಟು ದಿನ ನರಳಿತೋ.

ಆ ಟರ್ಕಿ ಚೋಕ್ ಇನ್ನೂ ಡ್ರಾಯರ್‌ನಲ್ಲಿದೆ. ನಿಜವಾಗಿ ಟರ್ಕಿ ಬೇಟೆಗೆ ಹೋಗುವವರು ಯಾರಾದರೂ ಇದ್ದರೆ ಹೇಳಿ, ಪುಕ್ಕಟೆ ಕೊಡುತ್ತೇನೆ.