ಔಟ್‌ಬ್ಯಾಕ್ ದಾರಿಗೆ ಗಾಡಿಯಲ್ಲಿ ಯುಎಚ್‌ಎಫ್ ರೇಡಿಯೊ: ಬಳಸಿದ ಮೇಲೆ ಅನಿಸಿದ್ದು

ಆಸ್ಟ್ರೇಲಿಯದ ಅಡಿಲೇಡ್‌ನಿಂದ ಔಟ್‌ಬ್ಯಾಕ್ ಅನ್ನುವ ಒಳನಾಡಿನ ಬರಡು ಸೀಮೆಯಲ್ಲಿ ಕೂಬರ್ ಪೀಡಿ, ಅಲ್ಲಿಂದ ಮುಂದೆ ಉಲುರು ಕಡೆಗೆ ಗಾಡಿ ಓಡಿಸಬೇಕು ಅಂತಿರುವ ನಮ್ಮವರು ಮೊದಲು ಕೇಳೋದು "ಆ ಕಡೆ ಯಾವ ಸಿಮ್ ಸಿಗ್ನಲ್ ಸಿಗುತ್ತೆ?" ಅಂತ. ಟೆಲ್‌ಸ್ಟ್ರಾ ಕಂಪನಿಯ ಸಿಮ್ ಇದ್ದರೆ ಊರುಗಳ ಹತ್ತಿರ ಸಿಗುತ್ತದೆ. ಊರು ದಾಟಿದ ಮೇಲೆ ಗಂಟೆಗಟ್ಟಲೆ ಯಾವುದೂ ಇಲ್ಲ. ಜನರ ಲೆಕ್ಕ ಹಿಡಿದರೆ ಅವರ ನೆಟ್‌ವರ್ಕ್ ಶೇ 99ಕ್ಕಿಂತ ಜಾಸ್ತಿ ಜನಕ್ಕೆ ಸಿಗುತ್ತದೆ. ನೆಲದ ಲೆಕ್ಕ ಹಿಡಿದರೆ ಸುಮಾರು 77 ಲಕ್ಷ ಚದರ ಕಿಲೋಮೀಟರ್ ದೇಶದಲ್ಲಿ ಅವರೇ ಹೇಳಿಕೊಳ್ಳುವುದು ಸುಮಾರು 30 ಲಕ್ಷ, ಅದೂ ಗಾಡಿಯ ಹೊರಗೆ ಆಂಟೆನಾ ಹಾಕಿದರೆ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಗೆ ಸುಮಾರು 250 ಕಿ.ಮೀ., ನಡುವೆ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ಹಾಗಾಗಿ ಸಿಮ್ ವಿಷಯ ಅಲ್ಲಿಗೇ ಬಿಡಿ, ಗಾಡಿಯಿಂದ ಗಾಡಿಗೆ ನೇರ ಮಾತಾಡುವ ಯುಎಚ್‌ಎಫ್ ಸಿಬಿ ರೇಡಿಯೊ ಹಾಕಿಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಯಾಕೆ, ಯಾವ ಥರದ್ದು, ಎಲ್ಲಿ ಕೈಕೊಡುತ್ತೆ ಅನ್ನೋದನ್ನ ಇಲ್ಲಿ ಬರೆದಿದ್ದೀನಿ.

ಇದು ಆಸ್ಟ್ರೇಲಿಯದಲ್ಲಿ 1977ರಿಂದ ಇದೆ. ಮೊದಲು 40 ಚಾನೆಲ್ ಇತ್ತು, ಈಗ 80. ಸುಮಾರು 477 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಪರೀಕ್ಷೆ ಬೇಡ, ನಮ್ಮ ಹೆಸರಲ್ಲಿ ಲೈಸೆನ್ಸ್ ಬೇಡ, ತಿಂಗಳ ಬಿಲ್ ಇಲ್ಲ. ಅಂಗಡಿಗೆ ಹೋದರೆ ಜಿಎಂಇ, ಯೂನಿಡೆನ್, ಓರಿಕಾಮ್, ಐಕಾಮ್ ಅಂತ ಸಾಲಾಗಿ ಇಟ್ಟಿರುತ್ತಾರೆ. ಒಂದು ಮಾತು ನೆನಪಿಟ್ಟುಕೊಳ್ಳಿ: ಕಾನೂನಿನ ಪ್ರಕಾರ ಗರಿಷ್ಠ 5 ವ್ಯಾಟ್, ಗಾಡಿಗೆ ಹಾಕುವ ಸೆಟ್‌ಗಳೆಲ್ಲ ಬಹುಪಾಲು ಅಷ್ಟೇ ಕೊಡುವುದು. ಇನ್ನೂರೈವತ್ತು ಡಾಲರಿನದೂ ಐದು ವ್ಯಾಟೇ, ಐನೂರರದೂ ಐದು ವ್ಯಾಟೇ. ಜಾಸ್ತಿ ಕೊಟ್ಟರೆ ಜಾಸ್ತಿ ದೂರ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ದುಡ್ಡಿಗೆ ಸಿಗೋದು ಒಳ್ಳೆ ಸ್ಪೀಕರ್, ಧೂಳು ನೀರು ತಡೆಯೋ ಮೈಕ್, ಓದೋಕೆ ಸುಲಭವಾದ ಪರದೆ.

ನನ್ನದು ಡ್ಯಾಶ್‌ಬೋರ್ಡಿನ ಒಳಗೆ ಪೆಟ್ಟಿಗೆ ಬಚ್ಚಿಟ್ಟು, ಬಟನ್, ಪರದೆ, ಸ್ಪೀಕರ್ ಎಲ್ಲ ಕೈಗೆ ಬರುವ ಮೈಕಿನಲ್ಲೇ ಇರುವ ಮಾದರಿ. ಈಗಿನ ಕಾರುಗಳಲ್ಲಿ ಬೇರೆ ಜಾಗವೇ ಇರೋದಿಲ್ಲ, ಅದಕ್ಕೆ ಇದು ಸರಿ. ಕೈಯಲ್ಲಿ ಹಿಡಿದಾಗ ಮಾತು ಸ್ಪಷ್ಟ. ಆದರೆ ಮೈಕ್ ಕೊಕ್ಕೆಗೆ ಸಿಕ್ಕಿಸಿ ಕಚ್ಚಾ ರಸ್ತೆಗೆ ಇಳಿದರೆ, ಗಾಡಿ ಗಡಗಡ ಅನ್ನುವ ಸದ್ದಲ್ಲಿ ಆ ಪುಟ್ಟ ಸ್ಪೀಕರ್ ಮುಳುಗಿ ಹೋಗುತ್ತದೆ. ಹೊರಗಿನ ಸ್ಪೀಕರ್ ಒಂದನ್ನು ಸೀಟಿನ ಪಕ್ಕ ಹಾಕಿಸಿಕೊಂಡ ಮೇಲೆ ಸರಿಹೋಯಿತು. ಬಟನ್ ಒತ್ತಿದ ಕೂಡಲೇ ಮಾತಾಡಬಾರದು, ಅರೆಕ್ಷಣ ಬಿಟ್ಟು ಶುರು ಮಾಡಬೇಕು, ಇಲ್ಲದಿದ್ದರೆ ಮೊದಲ ಪದ ನುಂಗಿ ಹೋಗುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡೋಕೆ ಆಗಲ್ಲ, ಫೋನಿನ ಅಭ್ಯಾಸ ಇರುವವರಿಗೆ ಇದು ರೂಢಿಯಾಗೋಕೆ ಸ್ವಲ್ಪ ಹೊತ್ತು ಬೇಕು. ಇನ್ನೊಂದು, ಇಲ್ಲಿನ ರಸ್ತೆ ನಿಯಮದಲ್ಲಿ ಸಿಬಿ ರೇಡಿಯೊವನ್ನು ಮೊಬೈಲ್ ಫೋನ್ ಅಂತ ಲೆಕ್ಕ ಹಾಕುವುದಿಲ್ಲ, ಓಡಿಸುವವರು ಮೈಕ್ ಹಿಡಿಯಬಹುದು. ಆದರೂ ಪಕ್ಕದಲ್ಲಿ ಕೂತವರು ಮಾತಾಡಿದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಮೈಕ್ ಎಡಗಡೆ ಸೀಟಿನವರದ್ದು.

ಈಗ ಇದರ ನಿಜವಾದ ಉಪಯೋಗಕ್ಕೆ ಬರ್ತೀನಿ. ಸ್ಟುವರ್ಟ್ ಹೆದ್ದಾರಿಯಲ್ಲಿ ರೋಡ್ ಟ್ರೈನ್ ಅಂತ ಓಡುತ್ತವೆ, ಒಂದು ಲಾರಿಗೆ ಮೂರು ಟ್ರೈಲರ್, ಉದ್ದ 53.5 ಮೀಟರ್ ತನಕ. ಅದರ ಹಿಂದೆ ಬಿದ್ದರೆ ಮುಂದಿನ ರಸ್ತೆ ಕಾಣಿಸುವುದಿಲ್ಲ, ಕೊನೆಯ ಟ್ರೈಲರ್ ಆ ಕಡೆ ಈ ಕಡೆ ಒಲೆಯುತ್ತಾ ಕಲ್ಲು ಸಿಡಿಸುತ್ತಿರುತ್ತದೆ. ಲಾರಿಯವರೆಲ್ಲ ಇರುವುದು ಚಾನೆಲ್ 40ರಲ್ಲಿ. ಪೋರ್ಟ್ ಆಗಸ್ಟಾ ದಾಟಿದ ಮೇಲೆ ಒಮ್ಮೆ ಹೀಗೇ ಸಿಕ್ಕಿಕೊಂಡಾಗ, ಉತ್ತರಕ್ಕೆ ಹೋಗುತ್ತಿರುವ ರೋಡ್ ಟ್ರೈನಿನ ಹಿಂದೆ ಬಿಳಿ ಪ್ರಾಡೊದಲ್ಲಿದ್ದೇವೆ, ಮುಂದೆ ಹೋಗಬಹುದಾ ಅಂತ ಕೇಳಿದೆವು. "ಸ್ವಲ್ಪ ತಡಿ, ಎದುರಿಂದ ಕ್ಯಾರವಾನ್ ಎರಡು ಬರ್ತಾ ಇವೆ" ಅಂದ. ಎರಡೂ ದಾಟಿದವು. "ಈಗ ಖಾಲಿ ಇದೆ, ನಾನು ಸ್ವಲ್ಪ ವೇಗ ಇಳಿಸ್ತೀನಿ, ಬಾ" ಅಂತ ಎಡಕ್ಕೆ ಸರಿದುಕೊಂಡ. ನಾವು ದಾಟಿ ಥ್ಯಾಂಕ್ಸ್ ಹೇಳಿದೆವು, ಮುಂದೆ ರಸ್ತೆ ಪಕ್ಕ ದನಗಳಿವೆ ಅಂತ ಅವನೇ ಎಚ್ಚರಿಸಿದ. ಅಂಥ ಮಾತು ನಿಮಗೆ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಆದರೆ ಅವನು ಖಾಲಿ ಅಂದರೂ ನಮ್ಮ ಕಣ್ಣಲ್ಲಿ ನೋಡಿಯೇ ದಾಟಬೇಕು, ದಾಟಿದ ಹೊಣೆ ನಮ್ಮದೇ. ಗಣಿಗೆ ಸಾಗಿಸುವ ಅಗಲವಾದ ಯಂತ್ರಗಳ ಮುಂದೆ ಪೈಲಟ್ ಗಾಡಿಗಳು ಬರುತ್ತವೆ, ಅವರು ಕೂಡ ಇದೇ ಚಾನೆಲ್‌ನಲ್ಲಿ ಮೊದಲೇ ಹೇಳಿ ಪಕ್ಕಕ್ಕೆ ನಿಲ್ಲಿ ಅನ್ನುತ್ತಾರೆ. ರೇಡಿಯೊ ಇಲ್ಲದವರಿಗೆ ಅದು ಗೊತ್ತಾಗೋದು ರಸ್ತೆ ತುಂಬ ಬಂದು ಎದುರು ನಿಂತಾಗಲೇ.

ಎರಡು ಮೂರು ಸಂಸಾರ ಜೊತೆಯಾಗಿ ಹೊರಟರಂತೂ ಇದಿಲ್ಲದೆ ಹೋಗಲೇಬೇಡಿ. ಊಡ್ನಡಾಟಾ ಟ್ರ್ಯಾಕ್‌ನಂಥ ಮಣ್ಣಿನ ದಾರಿಯಲ್ಲಿ ಮುಂದಿನ ಗಾಡಿ ಎಬ್ಬಿಸುವ ಧೂಳಿಗೆ ಹಿಂದಿನವರು ತುಂಬ ದೂರ ಬಿಟ್ಟು ಬರಬೇಕಾಗುತ್ತದೆ, ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. "ಅಕ್ಕಾ, ಎದುರಿಗೆ ಒಂದು ಯೂಟ್ ಬರ್ತಿದೆ, ಎಡಕ್ಕೆ ಇರಿ" ಅಂತ ಮುಂದಿನ ಗಾಡಿಯಿಂದ ಬರುತ್ತದೆ (ಯೂಟ್ ಅಂದರೆ ಪಿಕಪ್ ಗಾಡಿ). "ಭಾವ, ನಿಮ್ಮ ಹಿಂದಿನ ಚಕ್ರ ಯಾಕೋ ಕೂತ ಹಾಗಿದೆ, ನಿಲ್ಸಿ ನೋಡಿ" ಅಂತ ಹಿಂದಿನವರು ಹೇಳ್ತಾರೆ. ಆ ಮರಳುಗಾಡಿನ ನಡುವೆ ಅಚ್ಚ ಕನ್ನಡದಲ್ಲಿ ಮಾತಾಡಿಕೊಂಡು ಹೋಗೋದರಲ್ಲಿ ಒಂದು ಖುಷಿ ಇದೆ, ಮಕ್ಕಳು ಅಂತ್ಯಾಕ್ಷರಿ ಕೂಡ ಆಡುತ್ತಾರೆ. ಇದಕ್ಕೆ 40 ಬೇಡ. ಫೋರ್‌ವೀಲ್ ಡ್ರೈವ್‌ನವರು 10 ಬಳಸುತ್ತಾರೆ, ಕ್ಯಾರವಾನಿನವರು 18. ನಾವು 12ರಿಂದ 28ರ ನಡುವೆ ಖಾಲಿ ಇರುವ ಒಂದನ್ನು ಹಿಡಿಯುತ್ತೇವೆ, 18 ಬಿಟ್ಟು. 22 ಮತ್ತು 23ರಲ್ಲಿ ಮಾತಾಡುವ ಹಾಗಿಲ್ಲ, ಅವು ಡೇಟಾಗೆ ಮೀಸಲು. ಸ್ಕ್ಯಾನ್ ಹಾಕಿಟ್ಟರೆ ನಮ್ಮ ಚಾನೆಲ್ಲೂ ಕೇಳುತ್ತೆ, 40ನೇದೂ ಕೇಳುತ್ತೆ.

ಈಗ ಆಂಟೆನಾ. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ಜೀವ ಇರೋದು ಇಲ್ಲೇ. ಸೆಟ್‌ನಲ್ಲಿ ನೂರು ಡಾಲರ್ ಉಳಿಸಿ, ಅದನ್ನ ಆಂಟೆನಾಕ್ಕೆ ಹಾಕಿ. ಪೆಟ್ಟಿಗೆಯ ಮೇಲೆ 3 ಡಿಬಿಐ, 6.6 ಡಿಬಿಐ, 9 ಡಿಬಿಐ ಅಂತ ಬರೆದಿರುತ್ತಾರೆ (ಆಂಟೆನಾ ಅಲೆಯನ್ನು ಒಂದು ದಿಕ್ಕಿಗೆ ಎಷ್ಟು ಒತ್ತಿ ಕಳಿಸುತ್ತೆ ಅನ್ನುವ ಅಳತೆ), ದೊಡ್ಡ ಅಂಕಿಯೇ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಅದೇ ಹಿಟ್ಟನ್ನು ಚಪಾತಿ ಲಟ್ಟಿಸಿದ ಹಾಗೆ, ತೆಳ್ಳಗೆ ಮಾಡಿದಷ್ಟೂ ಅಗಲ ಹೋಗುತ್ತದೆ. ಬಯಲಿನಲ್ಲಿ, ನಲ್ಲಾರ್‌ಬೋರ್‌ನಂಥ ಚಪ್ಪಟೆ ನೆಲದಲ್ಲಿ ಅದು ಲಾಭ. ಫ್ಲಿಂಡರ್ಸ್ ರೇಂಜಸ್‌ನ ಬ್ರಾಚಿನಾ ಕಣಿವೆಯೊಳಗೆ ಇಳಿದರೆ ಆ ತೆಳು ಪದರ ಗುಡ್ಡಕ್ಕೆ ಬಡಿದು ಮುಗಿಯುತ್ತದೆ, ಅಲ್ಲಿ 3 ಡಿಬಿಐನ ಕುಳ್ಳ ಆಂಟೆನಾವೇ ವಾಸಿ. ಎರಡಕ್ಕೂ ಹೊಂದುವ ಹಾಗೆ ಕಡ್ಡಿ ಬದಲಾಯಿಸಬಹುದಾದ ಆಂಟೆನಾ ಸಿಗುತ್ತವೆ, ಅಂಥದ್ದೇ ತಗೊಳ್ಳಿ. ಒಂದೇ ಸಾಕು ಅನ್ನುವವರಿಗೆ 6.6. ಗಾಡಿಯಿಂದ ಗಾಡಿಗೆ ಬಯಲಲ್ಲಿ ಹತ್ತು ಕಿಲೋಮೀಟರಿನ ಆಸುಪಾಸು ಆರಾಮಾಗಿ ಸಿಗುತ್ತದೆ, ಗುಡ್ಡಗಳ ನಡುವೆ ಎರಡು ಮೂರು ಸಿಕ್ಕರೆ ಪುಣ್ಯ. ಕೈಯಲ್ಲಿ ಹಿಡಿಯುವ ವಾಕಿಟಾಕಿ ಗಾಡಿಯೊಳಗೆ ಕೂತು ಬಳಸಿದರೆ ತಗಡಿನ ಮೈ ಅದನ್ನು ತಡೆಯುತ್ತದೆ, ಅದರ ಕೆಲಸ ಕ್ಯಾಂಪಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಮಾತ್ರ.

ಹಾಕಿಸುವ ಕೆಲಸವನ್ನು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೇ ಕೊಡಿ. ನನ್ನ ಗಾಡಿಗೆ ಮೊದಲು ಹಾಕಿಕೊಟ್ಟ ಅಂಗಡಿಯವರು ಆಂಟೆನಾ ಕೇಬಲ್ಲನ್ನು ಬಾನೆಟ್ ಅಂಚಿಗೆ ಒತ್ತಿಕೊಳ್ಳುವ ಹಾಗೆ ಎಳೆದಿದ್ದರು. ಮೇಲ್ನೋಟಕ್ಕೆ ನೀಟಾಗಿತ್ತು, ಬಿಲ್ಲೂ ನೀಟಾಗಿತ್ತು. ಕೆಲವು ವಾರದಲ್ಲಿ ಜೊತೆಗಿದ್ದವರಿಗೆ ನಮ್ಮ ದನಿ ಕರಕರ ಅನ್ನೋಕೆ ಶುರುವಾಯಿತು, ಒಂದು ಕಿಲೋಮೀಟರ್ ಆಚೆಗೆ ಕೇಳಿಸುತ್ತಲೇ ಇರಲಿಲ್ಲ, ಆದರೆ ನಮಗೆ ಹತ್ತಿರದವರ ಮಾತು ಚೆನ್ನಾಗಿಯೇ ಕೇಳುತ್ತಿದ್ದರಿಂದ ತಕರಾರು ಸೆಟ್‌ನಲ್ಲಿದೆಯೋ ಎಲ್ಲಿದೆಯೋ ಗೊತ್ತಾಗಲಿಲ್ಲ. ಬೇರೊಬ್ಬರ ಹತ್ತಿರ ಒಯ್ದಾಗ ಅವರು ಮೊದಲು ಮಾಡಿದ್ದು ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ ಅಳೆದದ್ದು. ಸೆಟ್ ಕಳಿಸಿದ ಶಕ್ತಿ ಆಂಟೆನಾದಿಂದ ಹೊರಗೆ ಹೋಗದೆ ಎಷ್ಟು ವಾಪಸ್ ಬರುತ್ತಿದೆ ಅನ್ನೋದನ್ನ ಅದು ತೋರಿಸುತ್ತದೆ. 1.5ರ ಒಳಗಿದ್ದರೆ ಚೆನ್ನ. 3 ಅಂದರೆ ಕಾಲು ಭಾಗ ವಾಪಸ್. ನಮ್ಮದು ಅದನ್ನೂ ದಾಟಿತ್ತು. ಕೇಬಲ್ ಬಿಚ್ಚಿ ತೋರಿಸಿದರು: ಕಪ್ಪು ಹೊದಿಕೆ ಚಪ್ಪಟೆಯಾಗಿ, ಒಂದು ಕಡೆ ಸೀಳಿ, ಒಳಗಿನ ತಾಮ್ರದ ಹೆಣಿಗೆ ಹಸಿರಾಗಿತ್ತು. ಹೊಸ ಕೇಬಲ್ಲನ್ನು ಎಂಜಿನ್ ಗೋಡೆಯ ರಬ್ಬರ್ ಬುಷ್ ಮೂಲಕ ಒಳಗೆ ತಂದರು, ಪವರ್ ವೈರನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಯಿಂದ ಎಳೆದರು. ನೀವೂ ಕೆಲಸ ಮುಗಿದ ಮೇಲೆ "ಮೀಟರ್ ಹಾಕಿ ತೋರಿಸಿ" ಅಂತ ಕೇಳಿ. ತೋರಿಸೋಕೆ ಹಿಂಜರಿದರೆ ದುಡ್ಡು ಕೊಡಬೇಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದು ಫೋನಿನ ಬದಲಿ ಅಲ್ಲ. ಸುತ್ತ ಹತ್ತು ಕಿಲೋಮೀಟರಿನಲ್ಲಿ ಯಾರೂ ಇಲ್ಲದಿದ್ದರೆ ನಿಮ್ಮ ಮಾತು ಯಾರಿಗೂ ತಲುಪುವುದಿಲ್ಲ. ತುರ್ತಿಗೆ ಅಂತ 5 ಮತ್ತು 35ನೇ ಚಾನೆಲ್ ಮೀಸಲಿಟ್ಟಿದ್ದಾರೆ, ಹತ್ತಿರದಲ್ಲಿ ರಿಪೀಟರ್ (ನಮ್ಮ ಮಾತನ್ನು ಹಿಡಿದು ಇನ್ನೂ ದೂರಕ್ಕೆ ಮತ್ತೆ ಕಳಿಸುವ ಕೇಂದ್ರ) ಇದ್ದರೆ 5ರಲ್ಲಿ ಅದನ್ನು ಬಳಸುವ ಡ್ಯೂಪ್ಲೆಕ್ಸ್ ಬಟನ್ ಒತ್ತಿ ಕರೆಯಬಹುದು, ಆದರೆ ಎಷ್ಟೋ ಕಡೆ ರಿಪೀಟರೂ ಇಲ್ಲ, ಕೇಳಿಸಿಕೊಳ್ಳುವವರೂ ಇಲ್ಲ. ಹೆದ್ದಾರಿಯಲ್ಲಾದರೆ 5ರಲ್ಲಿ ಉತ್ತರ ಬಾರದಿದ್ದಾಗ 40ರಲ್ಲಿ ಕರೆಯಿರಿ, ಯಾರಾದರೂ ಲಾರಿಯವರು ಓಗೊಡುತ್ತಾರೆ. ನೂರಾರು ಕಿಲೋಮೀಟರ್ ಮುಟ್ಟಬೇಕೆಂದರೆ ಎಚ್‌ಎಫ್ ರೇಡಿಯೊ ಬೇಕು. ಅದರ ಅಲೆ ಮೇಲಿನ ವಾತಾವರಣಕ್ಕೆ ತಾಗಿ ಮರಳಿ ನೆಲಕ್ಕೆ ಬರುತ್ತದೆ. ಅಡಿಲೇಡ್‌ನ ಆಲ್ಫ್ರೆಡ್ ಟ್ರೇಗರ್ ಸೈಕಲ್ಲಿನ ಹಾಗೆ ತುಳಿದು ಕರೆಂಟ್ ಮಾಡುವ ರೇಡಿಯೊ ಕಟ್ಟಿದ್ದು ಇಂಥದ್ದಕ್ಕೇ. 1929ರಿಂದ ದೂರದ ದನದ ಫಾರಂಗಳವರು ಅದರಲ್ಲೇ ಡಾಕ್ಟರನ್ನು ಕರೆಯುತ್ತಿದ್ದರು. ಇವತ್ತಿಗೆ ನನ್ನ ಸಲಹೆ ಪಿಎಲ್‌ಬಿ ಅನ್ನುವ ತುರ್ತು ಬೀಕನ್ ಒಂದನ್ನು ಜೊತೆಗೆ ಇಟ್ಟುಕೊಳ್ಳಿ, ಅದು 406 ಮೆಗಾಹರ್ಟ್ಸ್‌ನಲ್ಲಿ ನೇರ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ, ಎಎಂಎಸ್‌ಎ (ಆಸ್ಟ್ರೇಲಿಯದ ಕಡಲ ಸುರಕ್ಷತಾ ಸಂಸ್ಥೆ) ಹತ್ತಿರ ನೋಂದಣಿ ಉಚಿತ. ಐಫೋನ್ 14 ಅಥವಾ ಅದರ ನಂತರದ್ದಿದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಇಲ್ಲೂ ಹೋಗುತ್ತದೆ.

ಬೇಸರದ ಸಂಗತಿಯೂ ಇದೆ. ದೊಡ್ಡ ಊರುಗಳ ಹತ್ತಿರ ಚಾನೆಲ್ 40ರಲ್ಲಿ ಬೈಗುಳ ಧಾರಾಳ. ಮಕ್ಕಳಿದ್ದರೆ ಅಡಿಲೇಡ್ ದಾಟುವ ತನಕ ಸುಮ್ನೆ ಆಫ್ ಮಾಡಿಬಿಡಿ. ಸಿಟಿಸಿಎಸ್‌ಎಸ್ ಅಂತ ಒಂದು ಸೌಲಭ್ಯ ಇದೆ, ಹಾಕಿಕೊಂಡರೆ ನಮ್ಮ ಗುಂಪಿನವರ ದನಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಹೆದ್ದಾರಿಯಲ್ಲಿ ಅದನ್ನು ಹಾಕಲೇಬೇಡಿ, ಬೇರೆಯವರ ಮಾತು ಕೇಳಿಸಿಕೊಳ್ಳೋಕೆ ತಾನೆ ಇದನ್ನ ಹಾಕಿಸಿರೋದು?

ಊರಿಗೆ ಹೋಗುವಾಗ ಇದನ್ನು ತಗೊಂಡು ಹೋಗಿ ಚಾರ್ಮಾಡಿ, ಆಗುಂಬೆ ಕಡೆ ಬಳಸಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಭಾರತದಲ್ಲಿ 477 ಮೆಗಾಹರ್ಟ್ಸ್ ಸಾರ್ವಜನಿಕರಿಗೆ ಬಿಟ್ಟದ್ದಲ್ಲ, ಲೈಸೆನ್ಸ್ ಇಲ್ಲದೆ ಬಳಸಿದರೆ ಅಪರಾಧ. ಅಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಸ್, ಹಳೆಯ 27 ಮೆಗಾಹರ್ಟ್ಸ್ ಸಿಬಿ, ಹೀಗೆ ಬೇರೆಯವು. ಘಾಟಿಯಲ್ಲಿ ರೇಡಿಯೊ ಬಳಸುವ ನಿಜವಾದ ಆಸಕ್ತಿ ಇರುವವರು ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆಯಲಿ, ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು.

ಖರ್ಚು ಸೆಟ್, ಆಂಟೆನಾ, ಕೂಲಿ ಎಲ್ಲ ಸೇರಿ ಆರುನೂರರಿಂದ ಸಾವಿರ ಡಾಲರ್ ಒಳಗೆ ಮುಗಿಯುತ್ತದೆ. ಬಾಡಿಗೆ ಗಾಡಿಯಲ್ಲಿ ಹೋಗುವವರು ಬುಕ್ ಮಾಡುವಾಗಲೇ ಯುಎಚ್‌ಎಫ್ ಹಾಕಿದೆಯಾ ಅಂತ ಕೇಳಿ, ಔಟ್‌ಬ್ಯಾಕ್‌ಗೆ ಕೊಡುವ ಫೋರ್‌ವೀಲ್ ಡ್ರೈವ್‌ಗಳಲ್ಲಿ ಎಷ್ಟೋ ಸಲ ಇರುತ್ತದೆ. ಗಾಡಿ ಕೈಗೆ ಬಂದ ಕೂಡಲೇ, ಕೌಂಟರಿನವರ ಎದುರಿಗೇ ಮೈಕ್ ಒತ್ತಿ ಒಂದು ಮಾತು ಆಡಿ ನೋಡಿ, ಆಂಟೆನಾ ಕಡ್ಡಿ ಕೈಯಲ್ಲಿ ತಿರುಗಿಸಿ ಬಿಗಿಯಾಗಿದೆಯಾ ನೋಡಿ, ಆಮೇಲೆ ಸಹಿ ಹಾಕಿ.