ಅಪ್ರೈಸಲ್ ಆ್ಯಪ್: ಟಿಪ್ಪಣಿಗೆ ಅಡ್ಡಿಯಿಲ್ಲ, ಅಂಕಕ್ಕೆ ಬೇಡ

ತಮಿಳುನಾಡಿನ ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಸಣ್ಣ ಮಷೀನ್ ಶಾಪುಗಳಿಗೆ ತಿಂಗಳ ಬಾಡಿಗೆಗೆ ಸಿಗುವ, ಕೆಲಸಗಾರರ ವರ್ಷದ ಕೆಲಸ ಅಳೆಯುವ ಅಪ್ರೈಸಲ್ ಆ್ಯಪುಗಳಲ್ಲಿ ಇದೂ ಒಂದು. ಆಫೀಸಿನವರಿಗೆ ಹೊಲಿದ ಅಂಗಿಯನ್ನೇ ಆಪರೇಟರಿಗೂ ತೊಡಿಸಿದ್ದಾರೆ.

ಫಾರ್ಮಿನಲ್ಲಿ ಮೊದಲೇ ತುಂಬಿಕೊಂಡು ಬರುವ ಗುರಿ ಒಂದೇ: ಪಾಳಿಗೆ ಎಷ್ಟು ಪೀಸ್. ಸಿಎನ್‌ಸಿ ಲೇತಿನಲ್ಲಿ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಬೋರಿಂಗ್ ಇನ್ಸರ್ಟ್, ಅಂದರೆ ತೂತು ಹಿಗ್ಗಿಸುವ ಅಲಗು, ಸವೆದರೆ ಅದನ್ನು ಬದಲಿಸಿ, ಆಫ್‌ಸೆಟ್ (ಹೊಸ ಅಲಗಿಗೆ ತಕ್ಕ ಅಳತೆಯ ತಿದ್ದುಪಡಿ) ಕೊಟ್ಟು, ಮೊದಲ ಪೀಸ್ ಅಳೆಯಬೇಕು. ಆ ಹೊತ್ತಿನಲ್ಲಿ ಎಣಿಕೆ ಕಡಿಮೆಯಾಗುತ್ತದೆ. ಎಣಿಕೆಗೇ ಅಂಕ ಎಂದಾದಾಗ ಆಪರೇಟರ್ ಹಳೆಯ ಇನ್ಸರ್ಟನ್ನೇ ಎಳೆಯುತ್ತಾನೆ. ಬೋರ್ (ಕೊರೆದ ತೂತು) ಮೈಕ್ರಾನ್ ಲೆಕ್ಕದಲ್ಲಿ ಕಿರಿದಾಗುತ್ತ ಹೋಗಿ, ಕಡೆಗೆ ತೂತಿನ ಕನಿಷ್ಠ ಅಳತೆ ನೋಡುವ ಗೋ ಗೇಜ್ ಒಳಗೇ ಇಳಿಯುವುದಿಲ್ಲ. ರೀವರ್ಕ್ ಮುಂದಿನ ಪಾಳಿಯವನ ತಲೆಗೆ, ಕಡಿಮೆ ಅಂಕವೂ ಅವನಿಗೇ. ಆದ್ದರಿಂದ ಸೆಟ್ಟಿಂಗಿನಲ್ಲಿ ರಿಜೆಕ್ಷನ್, ರೀವರ್ಕ್, ಸೆಟಪ್ ಸಮಯ ಈ ಮೂರನ್ನೂ ಕೈಯಾರೆ ಸೇರಿಸಿ. ಕಾಸ್ಟಿಂಗಿನ ಬ್ಲೋಹೋಲಿನಿಂದ (ಎರಕದಲ್ಲಿ ಗಾಳಿ ಸಿಕ್ಕಿ ಆದ ಗುಳಿ) ಕೆಟ್ಟ ಪೀಸುಗಳನ್ನು ಲೆಕ್ಕದಿಂದ ತೆಗೆಯಿರಿ. ಅದು ಫೌಂಡ್ರಿಯ ತಪ್ಪು.

ಬೆಲ್ ಕರ್ವ್, ಅಂದರೆ ಇಷ್ಟು ಜನಕ್ಕೆ ಕಡಿಮೆ ಅಂಕ ಕೊಡಲೇಬೇಕೆಂಬ ಲೆಕ್ಕ, ಆನ್ ಆಗಿಯೇ ಬರುತ್ತದೆ. ಕೊನೆಯ ಶೇ. 10 ಎಂದರೆ ಏಳು ಜನರ ತಂಡದಲ್ಲಿ 0.7, ಆ್ಯಪ್ ಅದನ್ನು ಒಂದು ಮಾಡುತ್ತದೆ. ಏಳೂ ಜನ ಚೆನ್ನಾಗಿ ದುಡಿದರೂ ಒಬ್ಬನಿಗೆ ಏಟು ತಪ್ಪಿದ್ದಲ್ಲ. ಹೊಸಬನಿಗೆ ಕೆಲಸ ಹೇಳಿಕೊಡುವ ಹಳಬ, ಅವನು ತನ್ನನ್ನು ಹಿಂದಿಕ್ಕಿಯಾನೆಂದು, ಮರುವರ್ಷ ಬಾಯಿ ಮುಚ್ಚಿಕೊಳ್ಳುತ್ತಾನೆ. ಹೀಗೆ ಜನರನ್ನು ಸಾಲಿಗಿಟ್ಟು ಅಳೆಯುವುದನ್ನು ಮೈಕ್ರೋಸಾಫ್ಟ್ 2013ರಲ್ಲೇ ಬಿಟ್ಟಿತು. ಇದನ್ನು ಆಫ್ ಮಾಡಿಯೇ ಶುರು ಮಾಡಿ.

ಮೆಚ್ಚಬೇಕಾದ್ದು ವಾರದ ಟಿಪ್ಪಣಿ. ಸೂಪರ್‌ವೈಸರ್ ಎರಡು ಸಾಲು ಬರೆದರೆ ತಾರೀಖು ತಾನೇ ಬೀಳುತ್ತದೆ. ಮಾರ್ಚಿನ ಒಂದು ತಪ್ಪು ಹಿಂದಿನ ಹನ್ನೊಂದು ತಿಂಗಳನ್ನು ನುಂಗಿಹಾಕುವುದು ಇದರಿಂದ ತಪ್ಪುತ್ತದೆ. ಬಾಡಿಗೆ ಕೊಡುವುದಿದ್ದರೆ ಇದೊಂದಕ್ಕೇ.

ಆದರೆ ಕೆಲಸಗಾರನ ಫೋನಿನಲ್ಲಿ ಮೊದಲು ತೆರೆಯುವುದು ಅಂಕ, ಕೆಳಗೆ ಇನ್‌ಕ್ರಿಮೆಂಟ್, ಟಿಪ್ಪಣಿ ಎಲ್ಲಕ್ಕಿಂತ ಕೊನೆಗೆ. ಫೀಡ್‌ಬ್ಯಾಕ್ ಕುರಿತ ಅಧ್ಯಯನಗಳನ್ನು ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು 1996ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಮೂರನೇ ಒಂದಕ್ಕೂ ಹೆಚ್ಚು ಕಡೆ ಫೀಡ್‌ಬ್ಯಾಕಿನಿಂದ ಕೆಲಸ ಕೆಟ್ಟಿತ್ತು. ಗಮನ ಕೆಲಸ ಬಿಟ್ಟು 'ನಾನೆಷ್ಟರವನು' ಎನ್ನುವತ್ತ ಹೊರಳುವುದೇ ಕಾರಣ ಎಂಬುದು ಅವರ ವಾದ. ಸಂಬಳದ ಮಾತನ್ನು ಬೇರೆ ದಿನಕ್ಕಿಡಿ, ಅಂಕದ ಪರದೆ ಮುಚ್ಚಿಡಿ.

ಭಾಷೆ ಇಂಗ್ಲಿಷ್, ತಮಿಳು ಮಾತ್ರ. ಹೊಸೂರಿನ ಹತ್ತಿರದ ತಳಿ, ಡೆಂಕಣಿಕೋಟೆ ಕಡೆಯ ಕನ್ನಡದ ಹುಡುಗರ 'ಸ್ವಂತ ಮೌಲ್ಯಮಾಪನ'ವನ್ನು ಸೂಪರ್‌ವೈಸರೇ ತುಂಬುವಂತಾದರೆ ಅದು ಸ್ವಂತದ್ದು ಹೇಗಾದೀತು? ಹತ್ತು ಜನರೊಳಗಿನ ಶಾಪಿಗೆ ಒಂದು ರಿಜಿಸ್ಟರ್ ಸಾಕು. ದೊಡ್ಡ ಶಾಪಿನವರು, ಆ್ಯಪ್ ಬಿಡುವಾಗ ಟಿಪ್ಪಣಿಗಳೆಲ್ಲ ಎಕ್ಸೆಲ್‌ನಲ್ಲಿ ಕೈಗೆ ಬರುತ್ತವೆಯೇ ಎಂದು ಸಹಿಗೆ ಮೊದಲೇ ಕೇಳಿ.